ಅಗ್ಗದ ಗಿಟಾರಿನ ದುಬಾರಿ ಚರಿತ್ರೆ

ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಬಯಲುಸೀಮೆಯ ಊರಿನಲ್ಲಿ ಜಾತ್ರೆಗೋ ಗಣೇಶೋತ್ಸವಕ್ಕೋ ‘ರಸಮಂಜರಿ’ ಏರ್ಪಾಡಾದ ರಾತ್ರಿಯನ್ನು ನೆನಪಿಸಿಕೊಳ್ಳಿ. ಮುಂದೆ ಗಾಯಕ, ಗಾಯಕಿ. ಪಕ್ಕದಲ್ಲಿ ಕೀಬೋರ್ಡು, ಇನ್ನೊಂದು ಬದಿಗೆ ತಬಲಾ, ಡ್ರಮ್ಮು. ಹಿಂದಿನ ಸಾಲಿನ ಅರೆಬೆಳಕಿನಲ್ಲಿ ಒಂದು ಕಾಲಕ್ಕೆ ಉದ್ದ ಕತ್ತಿನ ಗಿಟಾರು ಹಿಡಿದ ಒಬ್ಬಾತ ನಿಂತಿರುತ್ತಿದ್ದ. ಅವನ ಗಿಟಾರಿಗೆ ನಾಲ್ಕೇ ತಂತಿ, ಅವೂ ದಪ್ಪ. ಅವನಿಗೆ ಚಪ್ಪಾಳೆ ಬೀಳುತ್ತಿರಲಿಲ್ಲ, ನಿರೂಪಕ ಅವನ ಹೆಸರು ಹೇಳುತ್ತಿದ್ದುದೂ ಕೊನೆಗೆ. ಆದರೆ ಅವನು ಕೈ ನಿಲ್ಲಿಸಿದರೆ ಹಾಡಿನ ಕಾಲ ಕೆಳಗಿನ ನೆಲವನ್ನೇ ಯಾರೋ ಎಳೆದುಕೊಂಡಂತೆ ಆಗುತ್ತಿತ್ತು.

ಅದು ಬಾಸ್ ಗಿಟಾರ್. ತಂಬೂರಿಯಲ್ಲಿ ಖರಜದ ತಂತಿ ಮಾಡುವ ಕೆಲಸ, ಬಯಲಾಟದಲ್ಲಿ ಮದ್ದಳೆಯ ಎಡಭಾಗ ಮಾಡುವ ಕೆಲಸ, ಎರಡನ್ನೂ ಇದು ಒಟ್ಟಿಗೆ ಮಾಡುತ್ತದೆ. ಶ್ರುತಿಗೆ ಆಧಾರ, ತಾಳಕ್ಕೆ ಹೆಗಲು. ಇದರ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ.

ಇಂಥ ವಾದ್ಯಗಳನ್ನು, ಅದರಲ್ಲೂ ಕಡಿಮೆ ಬೆಲೆಯವನ್ನು, ಹುಡುಕಿ ಕೊಳ್ಳುವುದು ಇಂದು ಜಗತ್ತಿನ ಹಲವೆಡೆ ಒಂದು ಹವ್ಯಾಸ. ಬೆಂಗಳೂರಿನಂಥ ನಗರಗಳಲ್ಲೂ ಹಳೆಯ ಬಾಸ್ ಕೈ ಬದಲಾಯಿಸುತ್ತದೆ. ಹಣವಂತರ ಕಾರು ಸಂಗ್ರಹದಂತೆ ಇದನ್ನು ಬರಿಯ ಶೋಕಿ ಎನ್ನಲಾಗದು. ಈ ವಾದ್ಯದ ಚರಿತ್ರೆಯೇ ‘ಕೈಗೆಟುಕುವ ಬೆಲೆ’ ಎಂಬ ಮಾತಿನ ಸುತ್ತ ಹೆಣೆದುಕೊಂಡಿದೆ.

ರೇಡಿಯೊ ರಿಪೇರಿಯವನ ಕಾಣಿಕೆ

ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಕೆಳದನಿಗೆ ಮೊದಲು ಇದ್ದುದು ಆಳೆತ್ತರದ ಡಬಲ್ ಬಾಸ್. ಅದನ್ನು ಹೊತ್ತು ಊರೂರು ತಿರುಗುವುದು ಶಿಕ್ಷೆ. ಡ್ರಮ್ಮು, ತುತ್ತೂರಿಗಳ ಅಬ್ಬರದಲ್ಲಿ ಅದರ ದನಿ ಕೇಳುತ್ತಲೂ ಇರಲಿಲ್ಲ. ಅಮೆರಿಕದ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದ ನಡುವಿನಲ್ಲೇ ಕೊರಳಿಗೆ ಹಾಕಿಕೊಂಡು ನುಡಿಸಬಹುದಾದ ವಿದ್ಯುತ್ ಬಾಸ್ ತಯಾರಿಸಿದ. ಅದು ಮಾರುಕಟ್ಟೆ ಹಿಡಿಯಲಿಲ್ಲ.

ಹಿಡಿದದ್ದು 1951ರಲ್ಲಿ. ಕ್ಯಾಲಿಫೋರ್ನಿಯದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ವಾದ್ಯವನ್ನು ಬಿಚ್ಚಿ ಜೋಡಿಸುವುದು ಬರುತ್ತಿತ್ತು. ಆತ ವೀಣೆಗಿರುವಂತೆ ಬಾಸಿಗೂ ಮೆಟ್ಟಿಲು ಕೂರಿಸಿದ. ಬೆರಳು ಇಟ್ಟಲ್ಲಿ ಸ್ವರ ಕರಾರುವಾಕ್ಕಾಗಿ ಬರುವುದರಿಂದ ಅದಕ್ಕೆ ‘ಪ್ರಿಸಿಷನ್ ಬಾಸ್’ ಎಂದೇ ಹೆಸರಾಯಿತು. ಕತ್ತನ್ನು ಒಡಲಿಗೆ ಅಂಟಿಸುವ ಬದಲು ನಾಲ್ಕು ತಿರುಪುಗಳಿಂದ ಬಿಗಿದ. ಕತ್ತು ಬಾಗಿದರೆ ಬಿಚ್ಚಿ ಬೇರೆ ಹಾಕಿದರಾಯಿತು. ಆ ನಾಲ್ಕು ತಿರುಪುಗಳೇ ವಾದ್ಯವನ್ನು ಕುಶಲಕರ್ಮಿಯ ಕೊಠಡಿಯಿಂದ ಕಾರ್ಖಾನೆಗೆ ತಂದವು. ಬೆಲೆ 200 ಡಾಲರ್ ಆಸುಪಾಸು.

ಆ ಬೆಲೆಯೂ ಅನೇಕರಿಗೆ ಎಟುಕದ್ದೇ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಾಸ್ ಕೊಳ್ಳಲು ಹೋದಾಗ ಫೆಂಡರ್ ಕೈಮೀರಿದ ಮಾತಾಗಿತ್ತು. ಪಿಟೀಲಿನ ಆಕಾರದ ಜರ್ಮನ್ ಹಾಫ್ನರ್ ಬಾಸ್ ಸುಮಾರು 30 ಪೌಂಡಿಗೆ ಸಿಕ್ಕಿತು. ಎರಡೂ ಬದಿ ಒಂದೇ ತೆರನಾಗಿದ್ದುದರಿಂದ ಎಡಚನಾದ ಆತ ಹಿಡಿದುಕೊಂಡರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಜೇಬು ನೋಡಿಕೊಂಡು ಕೊಂಡ ಆ ಹಗುರ ವಾದ್ಯ ಜಗದ್ವಿಖ್ಯಾತವಾಯಿತು. 1972ರಲ್ಲಿ ಲಂಡನ್ನಿನಲ್ಲಿ ಕಳವಾದ ಅದು ಅರ್ಧ ಶತಮಾನದ ಬಳಿಕ ಪತ್ತೆಯಾಗಿ ಒಡೆಯನ ಕೈ ಸೇರಿತೆಂದು 2024ರಲ್ಲಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ನೂರಾರು ಹಾಡುಗಳಿಗೆ ಬಲಗೈಯ ಒಂದೇ ಬೆರಳಿನಿಂದ ಬಾಸ್ ನುಡಿಸಿದ ಜೇಮ್ಸ್ ಜೇಮರ್ಸನ್‌ಗೆ ಈ ಅದೃಷ್ಟ ಇರಲಿಲ್ಲ. ಆತ 1983ರಲ್ಲಿ ತೀರಿಕೊಳ್ಳುವ ಮುನ್ನವೇ ಅವನ 1962ರ ಫೆಂಡರ್ ಕಳವಾಯಿತು. ಅದು ಮತ್ತೆ ಸಿಗಲಿಲ್ಲ.

ನಕಲೇ ಅಸಲಾದ ಬಗೆ

ಬಾಸನ್ನು ನಿಜವಾಗಿ ಅಗ್ಗ ಮಾಡಿದವರು ಜಪಾನೀಯರು. 1970ರ ದಶಕದಲ್ಲಿ ಅಲ್ಲಿನ ಕಂಪನಿಗಳು ಅಮೆರಿಕದ ಪ್ರಸಿದ್ಧ ಮಾದರಿಗಳನ್ನು ಪಡಿಯಚ್ಚಿನಂತೆ ತಯಾರಿಸಿ ಕಡಿಮೆ ಬೆಲೆಗೆ ಮಾರತೊಡಗಿದವು. ‘ಐಬನೀಜ್’ ಗಿಟಾರುಗಳ ತಲೆಯ ಆಕಾರ ತನ್ನದರ ನಕಲೆಂದು ಗಿಬ್ಸನ್ ಕಂಪನಿಯ ಮಾಲೀಕ ಸಂಸ್ಥೆ ನಾರ್ಲಿನ್ 1977ರಲ್ಲಿ ದಾವೆ ಹೂಡಿತು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಆದರೆ ಒಂದು ಗುಟ್ಟು ಬಯಲಾಗಿತ್ತು: ನಕಲು ಕೆಲವೊಮ್ಮೆ ಅಸಲಿಗಿಂತ ಚೆನ್ನಾಗಿ ಇರುತ್ತಿತ್ತು.

ಫೆಂಡರ್ ಕಂಪನಿ ಬೇರೆ ದಾರಿ ಹಿಡಿಯಿತು. 1982ರಲ್ಲಿ ಜಪಾನಿನಲ್ಲಿಯೇ ಪಾಲುದಾರಿಕೆ ಮಾಡಿಕೊಂಡು, ತಾನು ಹಿಂದೆ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರಾದ ‘ಸ್ಕ್ವಯರ್’ ಅನ್ನು ಅಗ್ಗದ ಗಿಟಾರುಗಳಿಗೆ ಇಟ್ಟಿತು. ಕ್ರಮಸಂಖ್ಯೆ ‘ಜೆವಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಆ ಮೊದಲ ಕಂತಿನ ವಾದ್ಯಗಳನ್ನು ಈಗ ಸಂಗ್ರಾಹಕರು ಹುಡುಕುತ್ತಾರೆ. ಬಡವರಿಗೆಂದು ಮಾಡಿದ್ದು ಬೆಲೆಯೇರಿ ಬಡವರ ಕೈತಪ್ಪಿತು. ತಯಾರಿಕೆ ಮುಂದೆ ಕೊರಿಯಾಕ್ಕೆ, ಅಲ್ಲಿಂದ ಚೀನಾ, ಇಂಡೊನೇಷ್ಯಗಳಿಗೆ ಸರಿಯಿತು. ಕೂಲಿ ಎಲ್ಲಿ ಕಡಿಮೆಯೋ ಬಾಸ್ ಅಲ್ಲಿ ಹುಟ್ಟಿತು.

ಮಲೆನಾಡಿನ ಬೀಟೆ

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. 1959ರಿಂದ ಫೆಂಡರ್ ಬಾಸುಗಳ ಬೆರಳು ಹಲಗೆಗೆ ರೋಸ್‌ವುಡ್ ಬಂತು. ಮೊದಲು ಬಳಸಿದ್ದು ಬ್ರೆಜಿಲ್ ಮರ. ಅಲ್ಲಿ ಅದು ವಿರಳವಾಗುತ್ತಿದ್ದಂತೆ 1960ರ ದಶಕದಲ್ಲಿ ಗಿಟಾರು ತಯಾರಕರು ಭಾರತದ ರೋಸ್‌ವುಡ್ಡಿನತ್ತ ತಿರುಗಿದರು. ಅದು ಬೇರೆ ಯಾವುದೂ ಅಲ್ಲ, ನಮ್ಮ ಬೀಟೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಾಡು ತೋಟಗಳಲ್ಲಿ ನಿಧಾನವಾಗಿ ಬೆಳೆಯುವ, ಮೈಸೂರಿನ ಕೆತ್ತನೆ ಕುಸುರಿಯವರು ಆನೆ, ನವಿಲುಗಳನ್ನು ಕೂರಿಸುವ ಅದೇ ಕಡುಗಂದು ಮರ.

ತೋಟ ತನ್ನದೇ ಆದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಬೆಳೆಗಾರ ಬೀಟೆಗೆ ಕೊಡಲಿ ಹಾಕುವಂತಿಲ್ಲ. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಬೀಟೆ ಸೇರಿದಂತೆ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ‘ಸೈಟ್ಸ್’ ಒಪ್ಪಂದದಡಿ 2017ರ ಜನವರಿ 2ರಿಂದ ಪರವಾನಗಿ ಕಡ್ಡಾಯವಾಯಿತು. ಗಡಿ ದಾಟುವ ರೋಸ್‌ವುಡ್ ಗಿಟಾರುಗಳ ವ್ಯಾಪಾರಕ್ಕೂ ಕಾಗದಪತ್ರ ಬೇಕಾದಾಗ ವಾದ್ಯ ಕಂಪನಿಗಳು ಗೋಳಾಡಿದವು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಅಗ್ಗದ ಗಿಟಾರುಗಳಿಗೆ ಬೀಟೆಯ ಬದಲು ಬೇರೆ ಮರ ಬಂದಾಗಿತ್ತು. ಅವುಗಳಲ್ಲಿ ಒಂದಕ್ಕೆ ವ್ಯಾಪಾರದಲ್ಲಿ ‘ಇಂಡಿಯನ್ ಲಾರೆಲ್’ ಎಂದು ಹೆಸರು. ಮರವ್ಯಾಪಾರದಲ್ಲಿ ಆ ಹೆಸರು ನಮ್ಮ ಮತ್ತಿ ಮರಕ್ಕೆ ಸಲ್ಲುವಂಥದು. ಬೀಟೆ ಹೋಗಿ ಮತ್ತಿ ಬಂತು ಎಂದರೆ ಮಲೆನಾಡಿಗರಿಗೆ ಅರ್ಥವಾದೀತು.

ಪರವಾನಗಿ ಕಾಲದ ಕನಸು

ಮರ ಇಲ್ಲಿಂದ ಹೋದರೂ ವಾದ್ಯ ಇಲ್ಲಿಗೆ ಸುಲಭವಾಗಿ ಬರಲಿಲ್ಲ. 1991ರ ಆರ್ಥಿಕ ಉದಾರೀಕರಣಕ್ಕೆ ಮುಂಚೆ ವಿದೇಶಿ ಗ್ರಾಹಕ ವಸ್ತುಗಳ ಆಮದಿಗೆ ಬಿಗಿ ಕಟ್ಟಳೆ, ಮೇಲೆ ಭಾರಿ ಸುಂಕ. ಹೊರದೇಶದಿಂದ ಬಂದ ಬಂಧುವೋ ಹಡಗಿನ ನೌಕರನೋ ತಂದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಕೋಲ್ಕತ್ತದ ‘ಗಿವ್ಸನ್’ನಂಥ ದೇಶೀ ಗಿಟಾರುಗಳೇ ಹೆಚ್ಚಿನವರ ಪಾಲಿಗೆ ಗತಿ.

ಆದರೂ ಆ ದನಿ ಹಳ್ಳಿ ಮುಟ್ಟಿತ್ತು, ಸಿನಿಮಾ ಹಾಡುಗಳ ಮೂಲಕ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜಾ 1981ರ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದಾಗ, ಬಾಸ್ ಬರಿಯ ತಾಳದ ಗುದ್ದಾಗಿ ಉಳಿಯದೆ ಹಾಡಿನ ಜೊತೆ ಮಾತನಾಡುವ ಇನ್ನೊಂದು ದನಿಯಾಗಿತ್ತು. ಆ ಹಾಡುಗಳನ್ನು ವೇದಿಕೆಯಲ್ಲಿ ಹಾಡಬೇಕಾದ ಆರ್ಕೆಸ್ಟ್ರಾಗಳಿಗೆ ಬಾಸಿನವನಿಲ್ಲದೆ ವಿಧಿಯಿರಲಿಲ್ಲ.

ಅವನ ಜಾಗವನ್ನು ಕಿತ್ತುಕೊಂಡದ್ದು ಕೀಬೋರ್ಡು. ಅದರ ಎಡಗೈ ಕೆಳದನಿಯನ್ನೂ ನುಡಿಸಿಬಿಡುತ್ತದೆ. ಆಮೇಲೆ ಮುದ್ರಿತ ಟ್ರ್ಯಾಕುಗಳು ಬಂದವು. ಒಬ್ಬನ ಸಂಬಳ, ಒಬ್ಬನ ಊಟ, ವ್ಯಾನಿನಲ್ಲಿ ಒಂದು ಸೀಟು ಉಳಿಯಿತು. ಊರಿನ ಉತ್ಸವ ಸಮಿತಿಯ ಲೆಕ್ಕದ ಮುಂದೆ ಇದು ಸಣ್ಣ ಮಾತಲ್ಲ. ವಿಪರ್ಯಾಸವೆಂದರೆ ಬಾಸ್ ಗಿಟಾರ್ ಅಗ್ಗವಾಗತೊಡಗಿದ ಕಾಲಕ್ಕೇ ಅದನ್ನು ನುಡಿಸುವವನು ‘ದುಬಾರಿ’ಯಾದ.

ಕೊಳ್ಳುವ ಜಾಣತನ

ಈಗ ಕಲಿಯುವವರಿಗೆ ತಕ್ಕ ಹೊಸ ಬಾಸ್ ಹದಿನೈದು, ಇಪ್ಪತ್ತು ಸಾವಿರ ರೂಪಾಯಿಯ ಸುತ್ತಮುತ್ತ ಸಿಗುತ್ತದೆ. ಬಳಸಿದ್ದಾದರೆ ಇನ್ನೂ ಕಡಿಮೆ. ಹಳೆಯದನ್ನು ಕೊಳ್ಳುವ ಹವ್ಯಾಸಿಗಳು ಮೊದಲು ನೋಡುವುದು ಬಣ್ಣವನ್ನಲ್ಲ, ಕತ್ತನ್ನು. ಬಂದೂಕಿನ ಗುರಿ ನೋಡುವಂತೆ ತಲೆಯ ಕಡೆಯಿಂದ ಕಣ್ಣು ಹಾಯಿಸಿದರೆ ಬಾಗು, ತಿರುಚು ತಿಳಿಯುತ್ತದೆ. ಅಲ್ಪ ಬಾಗನ್ನು ಕತ್ತಿನೊಳಗಿನ ಉಕ್ಕಿನ ಸರಳು ತಿರುಗಿಸಿ ಸರಿಪಡಿಸಬಹುದು, ತಿರುಚಿದ್ದರೆ ಕೊಳ್ಳದಿರುವುದೇ ಲೇಸು. ಮೆಟ್ಟಿಲು ಸವೆದಿವೆಯೇ, ಗುಂಡಿ ತಿರುಗಿಸಿದರೆ ಕರಕರ ಸದ್ದೇ? ಸದ್ದು ಮಾತ್ರವಾದರೆ ಹೆದರಬೇಕಿಲ್ಲ, ರೇಡಿಯೊ ರಿಪೇರಿಯವರಿಗೂ ಅದು ಗೊತ್ತಿರುವ ಕೆಲಸ. ಹಲವರು ಮರೆಯುವ ಸಂಗತಿ ಇನ್ನೊಂದಿದೆ. ಸಾಮಾನ್ಯ ಗಿಟಾರಿನ ಪುಟ್ಟ ಸ್ಪೀಕರಿಗೆ ಬಾಸ್ ಜೋಡಿಸಿ ದನಿ ಏರಿಸಿದರೆ ಸ್ಪೀಕರ್ ಹರಿದೀತು. ಆದ್ದರಿಂದ ಪೆಟ್ಟಿಗೆಯ ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು.

ಸಂಗ್ರಹವೆಂದರೆ ಗೋಡೆಗೆ ತೂಗುಹಾಕುವುದಷ್ಟೇ ಅಲ್ಲ ಎಂಬುದನ್ನು ಈ ವಾದ್ಯದ ಚರಿತ್ರೆಯೇ ಹೇಳುತ್ತದೆ. ಫೆಂಡರ್ ನಾಲ್ಕು ತಿರುಪು ಹಾಕಿದ್ದು ಕೆಟ್ಟರೆ ರಿಪೇರಿಯಾಗಲಿ ಎಂದು. ಹಾಫ್ನರ್ ಹೆಸರಾದದ್ದು ಕೊಂಡವನ ಜೇಬು ಸಣ್ಣದಿದ್ದುದರಿಂದ. ಆರ್ಕೆಸ್ಟ್ರಾದಲ್ಲಿ ಜಾಗ ಕಳೆದುಕೊಂಡ ಎಷ್ಟೋ ಬಾಸುಗಳು ನಮ್ಮ ಊರುಗಳ ಅಟ್ಟದ ಮೇಲೆ ತುಕ್ಕು ಹಿಡಿದ ತಂತಿಗಳೊಂದಿಗೆ ಮಲಗಿರಬಹುದು. ಅವುಗಳ ಬೆರಳು ಹಲಗೆ ಮಲೆನಾಡಿನ ಬೀಟೆಯದೂ ಆಗಿರಬಹುದು. ಕೆಳಗಿಳಿಸಿ ಧೂಳು ಒರೆಸಿ ಹೊಸ ತಂತಿ ಕಟ್ಟುವ ಹುಡುಗನೋ ಹುಡುಗಿಯೋ ಸಿಕ್ಕರೆ, ಮುಂದಿನ ಜಾತ್ರೆಯ ರಾತ್ರಿ ಸೊಕ್ಕೆಯಂಥ ಊರಿನ ವೇದಿಕೆಯ ಹಿಂದಿನ ಸಾಲಿಗೆ ಮತ್ತೆ ಒಬ್ಬರು ಬಂದಾರು.