ಜಪಾನಿನ ಪಿಂಗಾಣಿ ಪಾನಪಾತ್ರೆಗಳು: ಆಧುನಿಕ ವಿನ್ಯಾಸದ ಇತಿಹಾಸ

ಚಹಾ, ಸಾಕೆ ಮೊದಲಾದ ಪಾನೀಯಗಳಿಗೆ ಜಪಾನಿನಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಬಟ್ಟಲುಗಳನ್ನು ಹೊಸ ಕಾಲದ ಮನೆಗಳಿಗೆ ಒಗ್ಗಿಸಿಕೊಂಡ ಪ್ರಯತ್ನಗಳ ಇತಿಹಾಸವಿದು. ಕ್ಯೂಶು ದ್ವೀಪದ ನೆರೆಯೂರುಗಳಾದ ಅರಿತಾ (ಸಾಗಾ ಪ್ರಾಂತ್ಯ) ಮತ್ತು ಹಸಾಮಿ (ನಾಗಸಾಕಿ ಪ್ರಾಂತ್ಯ) ಇದರ ಮುಖ್ಯ ಕೇಂದ್ರಗಳಲ್ಲಿ ಸೇರಿವೆ. ಇಲ್ಲಿ ಬಾಳಿಕೆ ಬಂದ ಹೊಸ ವಿನ್ಯಾಸಗಳಲ್ಲಿ ಹಲವು, ಅರಮನೆಯ ಪಾತ್ರೆಗಳಿಗಿಂತ ಜನಸಾಮಾನ್ಯರ ದಿನಬಳಕೆಯ ಪಾತ್ರೆಗಳಿಗೇ ಹೆಚ್ಚು ಋಣಿಯಾಗಿವೆ.

ಹಳೆಯ ರೂಪಗಳು

16ನೇ ಶತಮಾನದ ಕೊನೆಗೆ ಕ್ಯೋಟೊದ ಕುಂಬಾರ ಚೊಜಿರೊ, ಚಹಾ ಗುರು ಸೆನ್ ನೊ ರಿಕ್ಯು (1522–1591) ಅವರ ಅಭಿರುಚಿಗೆ ತಕ್ಕಂತೆ, ತಿಗರಿ ಬಳಸದೆ ಕೈಯಿಂದಲೇ ರಾಕು ಬಟ್ಟಲುಗಳನ್ನು ರೂಪಿಸಿದ. ಪಿಂಗಾಣಿ ಬಂದದ್ದು ಆಮೇಲೆ. ಕೊರಿಯಾದಿಂದ ಬಂದ ಕುಂಬಾರ ಯಿ ಸಾಮ್-ಪ್ಯೊಂಗ್ 1616ರಲ್ಲಿ ಅರಿತಾದ ಇಜುಮಿಯಾಮ ಬೆಟ್ಟದಲ್ಲಿ ಪಿಂಗಾಣಿ ಕಲ್ಲನ್ನು ಪತ್ತೆಹಚ್ಚಿದನೆಂಬುದು ಪ್ರತೀತಿ. ಅರಿತಾದ ಚಿತ್ತಾರದ ಪಾತ್ರೆಗಳು ಇಮಾರಿ ಬಂದರಿನಿಂದ ಸಾಗಿ, 17ನೇ ಶತಮಾನದ ನಡುವಿನ ಹೊತ್ತಿಗೆ ಡಚ್ಚರ ಹಡಗುಗಳಲ್ಲಿ ಯುರೋಪನ್ನೂ ತಲುಪಿದವು. ಹಸಾಮಿಯವರು ದಪ್ಪ ಗೋಡೆ, ಭಾರದ ತಳ, ನಾಲ್ಕಾರು ಗೀಟಿನ ನೀಲಿ ಚಿತ್ರವುಳ್ಳ ಅಗ್ಗದ ‘ಕುರವಾಂಕಾ’ ಬಟ್ಟಲುಗಳನ್ನು ರಾಶಿರಾಶಿಯಾಗಿ ಸುಟ್ಟರು.

ನಿತ್ಯದ ಚಹಾಕ್ಕೆ ಬಳಸುವ ಯುನೊಮಿಗೆ ಹಿಡಿ ಇರುವುದಿಲ್ಲ. ಸೆಂಚಾ ಎಂಬ ಹಸಿರು ಚಹಾವನ್ನು ಸುಮಾರು 70–80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆನೆಸುವುದರಿಂದ ಬಟ್ಟಲನ್ನು ಬರಿಗೈಯಲ್ಲಿ ಹಿಡಿಯಬಹುದು. ತಳದ ಎತ್ತರದ ಬಳೆ ಬೆರಳಿಗೆ ಆಸರೆಯಾಗುತ್ತದೆ. ಕುದಿನೀರಿನ ಕಾಫಿ, ಕಪ್ಪು ಚಹಾ ಮನೆಗೆ ಬಂದಾಗ ಈ ಲೆಕ್ಕ ತಪ್ಪಿತು.

ಕಾರ್ಖಾನೆ ಮತ್ತು ಜನಪದ ಕಲೆ

1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಹೋದ ಜಪಾನೀಯರು ಪ್ಲಾಸ್ಟರ್ ಅಚ್ಚಿನ ವಿಧಾನವನ್ನು ಕಲಿತು ಬಂದರು. ಒಂದೇ ಅಳತೆಯ ಕಪ್ಪುಗಳನ್ನು ಸಾವಿರಗಟ್ಟಲೆ ಮಾಡಲು ಇದು ದಾರಿ ಮಾಡಿತು. 1904ರಲ್ಲಿ ಇಂದಿನ ನೊರಿತಾಕೆ ಕಂಪನಿ ಸ್ಥಾಪನೆಯಾಗಿ, 1914ರಲ್ಲಿ ಪಾಶ್ಚಾತ್ಯ ಶೈಲಿಯ ಮೊದಲ ಡಿನ್ನರ್ ಸೆಟ್ಟನ್ನು ತಯಾರಿಸಿತು.

ಕಾರ್ಖಾನೆಯ ಸರಕಿನ ಎದುರು ಯನಾಗಿ ಸೊಯೆತ್ಸು, ಹಮಾದಾ ಶೋಜಿ, ಕವಾಯಿ ಕಂಜಿರೊ ಅವರು 1920ರ ದಶಕದಲ್ಲಿ ‘ಮಿಂಗೇಯ್’ ಚಳವಳಿ ಕಟ್ಟಿದರು. ಹೆಸರಿಲ್ಲದ ಕಸುಬುದಾರರ ನಿತ್ಯದ ಪಾತ್ರೆಯಲ್ಲೇ ನಿಜವಾದ ಸೊಬಗಿದೆ ಎಂಬುದು ಅವರ ನಿಲುವು. 1936ರಲ್ಲಿ ಟೋಕಿಯೊದಲ್ಲಿ ಜಪಾನಿ ಜನಪದ ಕಲಾ ಸಂಗ್ರಹಾಲಯ ತೆರೆಯಿತು. ಸೊಯೆತ್ಸು ಅವರ ಮಗ ಯನಾಗಿ ಸೋರಿ (1915–2011) ಯುದ್ಧಾನಂತರ ಇದೇ ತತ್ವವನ್ನು ಕಾರ್ಖಾನೆಗೆ ಒಯ್ದು, ಚಿತ್ತಾರವಿಲ್ಲದ ಬಿಳಿ ಪಿಂಗಾಣಿ ಪಾತ್ರೆಗಳನ್ನು ವಿನ್ಯಾಸಗೊಳಿಸಿದರು. ಅಪ್ಪ ಮತ್ತು ಮಗನ ಈ ಕೆಲಸಗಳು ಒಂದಕ್ಕೊಂದು ಪೂರಕ: ಕೈಗಳು ಬದಲಾದರೂ ಬಳಸುವವರ ಮೇಲಿನ ಕಾಳಜಿ ಒಂದೇ.

ಹಸಾಮಿಯ ಮಾದರಿ

1956ರಲ್ಲಿ ಹಸಾಮಿಯ ಹಕುಸಾನ್ ಕಂಪನಿ ಸೇರಿದ ಮೋರಿ ಮಸಾಹಿರೊ (1927–2005), 1958ರಲ್ಲಿ ರೂಪಿಸಿದ ಜಿ-ಮಾದರಿಯ ಸೋಯಾ ಸಾಸ್ ಹೂಜಿ 1960ರಲ್ಲಿ ‘ಗುಡ್ ಡಿಸೈನ್’ ಮನ್ನಣೆ ಪಡೆಯಿತು. ಅದು ಪಾನಪಾತ್ರೆಯಲ್ಲ, ಆದರೂ ಸುಲಭವಾಗಿ ಹಿಡಿಯಲು ಬರುವ, ತೊಟ್ಟಿಕ್ಕದ, ಎಲ್ಲರ ಕೈಗೆಟುಕುವ ಪಿಂಗಾಣಿಗೆ ಅದೇ ಮಾದರಿಯಾಯಿತು.

ಊರಿನ ದುಡಿಮೆ ಹಂಚಿಕೊಂಡದ್ದು. ಅಚ್ಚು ಮಾಡುವವರು ಒಬ್ಬರು, ಹಸಿ ಪಾತ್ರೆ ತೆಗೆಯುವವರು ಇನ್ನೊಬ್ಬರು, ಮೆರುಗು ಹಚ್ಚಿ ಸುಡುವವರು ಮತ್ತೊಬ್ಬರು. ಸುಮಾರು 1300 ಡಿಗ್ರಿಯಲ್ಲಿ ಸುಟ್ಟಾಗ ಪಿಂಗಾಣಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಅಚ್ಚು ಅಷ್ಟು ದೊಡ್ಡದಾಗಿರಬೇಕು. ಬೇರೆಯಾಗಿ ಎರಕಹೊಯ್ದ ಹಿಡಿಯನ್ನು ಮಣ್ಣಿನ ರಾಡಿ ಹಚ್ಚಿ ಅಂಟಿಸುವಾಗ ಕಪ್ಪು ಮತ್ತು ಹಿಡಿ ಎರಡರ ಪಸೆಯೂ ಸಮನಾಗಿರಬೇಕು. ಇಲ್ಲದಿದ್ದರೆ ಒಣಗುವಾಗಲೋ ಸುಡುವಾಗಲೋ ಬೆಸುಗೆ ಬಿರುಕು ಬಿಡುತ್ತದೆ.

21ನೇ ಶತಮಾನ

ಬಹುಕಾಲ ಅರಿತಾದ ಹೆಸರಿನಲ್ಲೇ ಮಾರಾಟವಾಗುತ್ತಿದ್ದ ಹಸಾಮಿ ಪಾತ್ರೆಗಳು, ಮೂಲಸ್ಥಳದ ನಮೂದು ಬಿಗಿಯಾದ ಮೇಲೆ ಸ್ವಂತ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಇಲ್ಲಿನ ಮಾರುಹಿರೊ ಸಂಸ್ಥೆ 2010ರಲ್ಲಿ ‘ಹಸಾಮಿ’ ಬ್ರ್ಯಾಂಡಿನಡಿ, ಒಂದರ ಮೇಲೊಂದು ಕೂರುವ ದಪ್ಪನೆಯ ಬಣ್ಣದ ಮಗ್ಗುಗಳನ್ನು ತಂದಿತು. ಇಕ್ಕಟ್ಟಾದ ಅಡುಗೆಮನೆಗೆ ಇದು ತಕ್ಕ ಉತ್ತರ. 2012ರಲ್ಲಿ ವಿನ್ಯಾಸಕಾರ ಯನಾಗಿಹಾರಾ ತೆರುಹಿರೊ ಅವರ ನೇತೃತ್ವದಲ್ಲಿ ‘1616/ಅರಿತಾ ಜಪಾನ್’ ಆರಂಭವಾಯಿತು. ನೆದರ್‌ಲ್ಯಾಂಡ್ಸ್‌ನ ವಿನ್ಯಾಸಕಾರರೂ ಇದರಲ್ಲಿ ಕೈಜೋಡಿಸಿದರು. ಎಡೊ ಕಾಲದ ಪುಟ್ಟ ಸೊಬಾ-ಚೊಕೊ ಬಟ್ಟಲು ಈಗ ರೂಪ ಬದಲಿಸದೆಯೇ ಕಾಫಿ ಕಪ್ಪಾಗಿಯೂ ಬಳಕೆಯಲ್ಲಿದೆ. ಮೈಕ್ರೊವೇವ್‌ಗೆ ಒಗ್ಗದ ಹೊನ್ನಿನ ಬಣ್ಣವನ್ನು ನಿತ್ಯದ ಪಾತ್ರೆಗಳಲ್ಲಿ ಕೈಬಿಡುವುದು ಸಾಮಾನ್ಯವಾಗಿದೆ.

ಅಚ್ಚು ಮಾಡುವ, ಹಸಿ ಪಾತ್ರೆ ತೆಗೆಯುವ ಕಸುಬುದಾರರಿಗೆ ವಯಸ್ಸಾಗುತ್ತಿದೆ. ಅವರ ಜಾಗಕ್ಕೆ ಬರುವವರು ಕಡಿಮೆ. ವಿನ್ಯಾಸಕಾರನ ಗೀಟು ಎಷ್ಟೇ ಹೊಸದಾಗಿದ್ದರೂ ಅದು ಕಪ್ಪಾಗುವುದು ಇವರ ಕೈಯಲ್ಲಿ; ಆದ್ದರಿಂದ ಈ ಪರಂಪರೆಯ ಮುಂದಿನ ಅಧ್ಯಾಯ ಹೊಸ ರೂಪಗಳಷ್ಟೇ ಹೊಸ ಕಸುಬುದಾರರನ್ನೂ ಅವಲಂಬಿಸಿದೆ.