ಪೋಂ ಪೋಂನಿಂದ ಆಊಗಾವರೆಗೆ: ಹಳೇ ಹಾರ್ನುಗಳ ಕಥೆ

ಹಳೇ ಕಾರು ಕಂಡ ಕೂಡಲೇ ಎಲ್ಲರೂ ನೋಡೋದು ಬಣ್ಣ, ಹೆಡ್‌ಲೈಟು, ಚಕ್ರದ ಕಡ್ಡಿಗಳು. ಹಾರ್ನನ್ನು ಯಾರೂ ಕೇಳಲ್ಲ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೇ ಕಾರುಗಳ ಎದುರು ಫೋಟೋ ತೆಗೆಸಿಕೊಂಡು ಬಂದವರಲ್ಲಿ ಎಷ್ಟು ಮಂದಿ ಹಾರ್ನ್ ಗಮನಿಸಿರಬಹುದು ಹೇಳಿ? ಆದರೆ ಊರೊಳಗೆ ಕಾರು ಬಂತು ಅಂತ ಜನಕ್ಕೆ ಮೊದಲು ತಿಳಿಯುತ್ತಿದ್ದದ್ದೇ ಅದರ ದನಿಯಿಂದ.

ನಾನು ಕೆಲಸದಲ್ಲಿ ಸಾಫ್ಟ್‌ವೇರಿನವನು. ರಜೆಗೆ ಊರಿಗೆ ಹೋದಾಗ ಗೋಕಾಕ, ಮೂಡಲಗಿ, ಹುಕ್ಕೇರಿಯ ಗುಜರಿ ಅಂಗಡಿಗಳನ್ನು ಸುತ್ತೋದು ಒಂದು ಹುಚ್ಚು. ಅಲ್ಲಿ ಹಿತ್ತಾಳೆ ಅಂದರೆ ಹಿತ್ತಾಳೆ, ಕೊಡವೂ ಒಂದೇ, ಹಾರ್ನೂ ಒಂದೇ. ಕೆಜಿ ಲೆಕ್ಕ. ಕರಗಿಸಿಬಿಟ್ಟರೆ ಇತಿಹಾಸದ ಒಂದು ದನಿ ಮುಗಿಯಿತು. ಅದಕ್ಕೇ ಹಾರ್ನ್ ಗುರುತಿಸೋದು ಹೇಗೆ ಅಂತ ಬರೆಯೋಣ ಅನ್ನಿಸಿತು.

ಹಾರ್ನುಗಳಲ್ಲಿ ಸ್ಥೂಲವಾಗಿ ಮೂರು ತಲೆಮಾರು.

ಮೊದಲನೆಯದು ರಬ್ಬರ್ ಬಲ್ಬಿನದು. ಬಲ್ಬ್ ಒತ್ತಿದರೆ ಗಾಳಿ ನುಗ್ಗಿ ಒಳಗಿನ ಹಿತ್ತಾಳೆ ರೀಡು ನಡುಗುತ್ತೆ, ಮುಂದಿನ ಕಹಳೆ ಅದನ್ನು ಜೋರು ಮಾಡುತ್ತೆ. ಕಾರುಗಳು ಇದನ್ನು ಬೇಗ ಬಿಟ್ಟವು. ಫೋರ್ಡ್ ಮಾಡೆಲ್ ಟಿ 1915ರ ಸುಮಾರಿಗೇ ಬಲ್ಬ್ ಬಿಟ್ಟು ಮ್ಯಾಗ್ನೆಟೋ ಹಾರ್ನಿಗೆ ಬಂತು. ನಮ್ಮ ಲಾರಿ, ಬಸ್ಸುಗಳಲ್ಲಿ ಮಾತ್ರ ಪೋಂ ಪೋಂ ದಶಕಗಟ್ಟಲೆ ಉಳಿಯಿತು. ಯಾಕೆ ಅಂತ ಹುಕ್ಕೇರಿಯ ಹಿರಿಯ ಲಾರಿ ಡ್ರೈವರ್ ಒಬ್ಬರನ್ನು ಕೇಳಿದೆ. "ತಮ್ಮಾ, ಬ್ಯಾಟರಿ ಸತ್ರೂ ಇದು ಸಾಯೂದಿಲ್ಲ. ಹ್ಯಾಂಡಲ್ ಹೊಡದು ಗಾಡಿ ಚಾಲೂ ಮಾಡ್ತಿದ್ವಿ, ಕೈಲೆ ಹಾರ್ನ್ ಒತ್ತತಿದ್ವಿ" ಅಂದರು. ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರ್ ವಿವರಿಸಿಯಾನು? :-)

ಎರಡನೆಯದು ಕ್ಲಾಕ್ಸನ್. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ರೂಪಿಸಿದ ಇದು 1908ರಲ್ಲಿ ಮಾರುಕಟ್ಟೆಗೆ ಬಂತು. ಒಂದು ಹಲ್ಲಿನ ಚಕ್ರ ತಿರುಗುತ್ತಾ, ತೆಳು ಉಕ್ಕಿನ ತಗಡಿನ ನಡುವಿರುವ ಗುಂಡಿಯನ್ನು ಉಜ್ಜುತ್ತೆ. ಚಕ್ರದ ವೇಗ ಏರಿದಂತೆ ದನಿ ಏರಿ, ಕೈ ಬಿಟ್ಟಾಗ ಇಳಿಯುತ್ತೆ. ಅದೇ ಹಳೇ ಸಿನಿಮಾಗಳ 'ಆಊಗಾ'. ತಮಾಷೆ ನೋಡಿ, ಇದೇ ಹಚಿಸನ್ ಅದಕ್ಕೂ ಮೊದಲು ಕಿವುಡರಿಗಾಗಿ ವಿದ್ಯುತ್ ಶ್ರವಣಯಂತ್ರ ಮಾಡಿದ್ದವನು!

ಮೂರನೆಯದು ವಿದ್ಯುತ್ಕಾಂತದ್ದು. ಮನೆಯ ಕರೆಗಂಟೆಯ ಹಾಗೆ ಪಾಯಿಂಟುಗಳು ಕೂಡಿ ಬಿಟ್ಟು, ಕೂಡಿ ಬಿಟ್ಟು ತಗಡನ್ನು ನಡುಗಿಸುತ್ತವೆ. ಬಾಷ್ 1921ರಲ್ಲಿ ತನ್ನ ಹಾರ್ನ್ ತಂದಿತು. ಇಂಗ್ಲೆಂಡಿನ ಗಾಡಿಗಳ ಜೊತೆ ಲೂಕಾಸ್ ಹಾರ್ನ್ ನಮ್ಮಲ್ಲಿಗೂ ಬಂತು. ಇವತ್ತಿನ ಕಾರುಗಳಲ್ಲೂ ಹೆಚ್ಚಾಗಿ ಇರೋದು ಇದೇ ತತ್ವ.

ಹಾಗಾದರೆ ಕೈಗೆ ಸಿಕ್ಕಿದ್ದು ಯಾವ ಕಾಲದ್ದು? ಮೊದಲು ಲೇಪ ನೋಡಿ. 1920ರ ದಶಕದ ಕೊನೆಯವರೆಗೆ ನಿಕಲ್, ಅದು ಸ್ವಲ್ಪ ಹಳದಿ ಛಾಯೆ. ಆಮೇಲಿನದು ಕ್ರೋಮ್, ನೀಲಿ ಹೊಳಪು. ಆಮೇಲೆ ವೋಲ್ಟೇಜು. ಅಮೆರಿಕದ ಕಾರುಗಳು 1950ರ ದಶಕದ ಮಧ್ಯದವರೆಗೂ ಹೆಚ್ಚಾಗಿ 6 ವೋಲ್ಟು, ಯುದ್ಧಕಾಲದ ವಿಲ್ಲಿಸ್ ಜೀಪೂ ಅಷ್ಟೇ. ಅದನ್ನು 12 ವೋಲ್ಟಿಗೆ ಕೊಟ್ಟರೆ ಪಾಯಿಂಟ್ ಸುಟ್ಟೀತು. ಮಾಡೆಲ್ ಟಿಯ ಮ್ಯಾಗ್ನೆಟೋ ಹಾರ್ನಿಗೆ ಬ್ಯಾಟರಿ ಕೊಟ್ಟರೆ 'ಟಿಕ್' ಅಂತ ಸುಮ್ಮನಾಗುತ್ತೆ. ಕೆಟ್ಟಿದೆ ಅಂತ ಎಸೆಯಬೇಡಿ, ಅದಕ್ಕೆ ಬೇಕಾದದ್ದು ಏಸಿ ಕರೆಂಟು. ಲೂಕಾಸ್ ವಿಂಡ್‌ಟೋನ್ ಹಾರ್ನುಗಳು ಜೋಡಿಯಾಗಿರುತ್ತವೆ. ಎಚ್ ಅಂದರೆ ಏರು ದನಿ, ಎಲ್ ಅಂದರೆ ತಗ್ಗು ದನಿ. ಒಂದೇ ಸಿಕ್ಕರೆ ಇನ್ನೊಂದನ್ನೂ ಅದೇ ರಾಶಿಯಲ್ಲಿ ಹುಡುಕಿ.

ಬಲ್ಬ್ ಹಾರ್ನಿನಲ್ಲಿ ಮೋಸ ಜಾಸ್ತಿ. ಮೊರಾದಾಬಾದಿನ ಕಡೆಯಿಂದ ಅಲಂಕಾರಕ್ಕೆಂದೇ 'ಆಂಟಿಕ್' ಹಾರ್ನ್‌ಗಳು ಬರುತ್ತವೆ. ನಿಜವಾದ ಹಾರ್ನಿನಲ್ಲಿ ಗಾಡಿಗೆ ಕಟ್ಟಿದ್ದ ಕ್ಲಾಂಪಿನ ಸವೆತ, ಬೋಲ್ಟಿನ ಗುರುತು, ಕೆಲವೊಮ್ಮೆ ತಯಾರಕರ ಪುಟ್ಟ ಫಲಕ ಇರುತ್ತೆ. ಅದಕ್ಕೇ ಹುಣಸೆಹಣ್ಣು ಹಾಕಿ ಉಜ್ಜೋ ಆಸೆಗೆ ಬೀಳಬೇಡಿ, ಬಫಿಂಗ್ ಯಂತ್ರಕ್ಕಂತೂ ಕೊಡಲೇಬೇಡಿ. ಹೊಳಪು ಬರುತ್ತೆ, ಸಾಕ್ಷಿ ಹೋಗುತ್ತೆ.

ರಿಪೇರಿ ಮಾಡಬೇಕಾದ್ದು ದನಿಯನ್ನು. ಒಣಗಿ ಬಿರಿದ ರಬ್ಬರ್ ಬಲ್ಬ್ ಬದಲಿಸಲೇಬೇಕು, ಬೇರೆ ದಾರಿ ಇಲ್ಲ. ರೀಡಿಗೆ ಮಾತ್ರ ನಮ್ಮ ಕಡೆಯೇ ವೈದ್ಯರಿದ್ದಾರೆ, ಹಾರ್ಮೋನಿಯಂ ರಿಪೇರಿಯವರು! ಇದು ಶ್ರೀಕೃಷ್ಣ ಪಾರಿಜಾತದ ಸೀಮೆ. ಕುಲಗೋಡ ತಮ್ಮಣ್ಣನ ಊರೂ, ಕೌಜಲಗಿ ನಿಂಗಮ್ಮನ ಊರೂ ಈ ಭಾಗದವೇ. ಪಾರಿಜಾತದ ಪೆಟ್ಟಿಗೆ ಶ್ರುತಿ ಕೂಡಿಸುವ ಕೈಗೆ ಹಾರ್ನಿನ ರೀಡೇನೂ ಹೊಸದಲ್ಲ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತೆ, ಬುಡದಲ್ಲಿ ಕೆರೆದರೆ ಇಳಿಯುತ್ತೆ. ಆದರೆ ಮೊದಲು ಬರೀ ಕೊಳೆ ತೆಗೆಯಿರಿ, ಕೆರೆಯೋದು ಕೊನೇ ಮಾತು. ವಿದ್ಯುತ್ ಹಾರ್ನಿನಲ್ಲಿ ಪಾಯಿಂಟ್ ಒರೆಸಿ, ಹೊಂದಾಣಿಕೆಯ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ ನೋಡಬೇಕು. ತೆಗೆದ ಹಳೇ ಭಾಗಗಳನ್ನು ಡಬ್ಬಿಯಲ್ಲಿ ಹಾಕಿಡಿ.

ಇದೆಲ್ಲ ಬರೀ ಶೋಕಿ ಅಲ್ಲ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೇ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ಸ್ವರೂಪ ಉಳಿದಿರಬೇಕು. ಮೂಲ ಸ್ವರೂಪ ಅಂದಾಗ ಬಣ್ಣ, ಇಂಜಿನ್ನಷ್ಟೇ ಲೆಕ್ಕಕ್ಕೆ ಬಂದರೆ ಸಾಕೇ? ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿ ಶುರುವಾದದ್ದು ಅಂತ ಪುಸ್ತಕದಲ್ಲಿ ಸಿಗುತ್ತೆ. ಅದೇ ಘಾಟಿ ತಿರುವಿನಲ್ಲಿ ಲಾರಿಗಳು ಹೇಗೆ ಕೂಗಿಕೊಂಡು ಇಳಿಯುತ್ತಿದ್ದವು ಅನ್ನೋದು ಯಾವ ಪುಸ್ತಕದಲ್ಲೂ ಕೇಳಿಸಲ್ಲ. ಆ ದನಿ ಉಳಿದಿರೋದು ಈ ಹಿತ್ತಾಳೆ ಕೊಳವೆಗಳಲ್ಲಿ ಮಾತ್ರ.

ನಿಮ್ಮೂರ ಗುಜರಿಯಲ್ಲಿ, ಅಜ್ಜನ ಮನೆಯ ಅಟ್ಟದ ಮೇಲೆ ಇಂಥದ್ದೊಂದು ಇದ್ದರೆ ತೂಕಕ್ಕೆ ಹಾಕೋ ಮುಂಚೆ ಒಮ್ಮೆ ಒತ್ತಿ ನೋಡಿ. ಯಾವ ಗಾಡಿಯದು, ಯಾರು ಓಡಿಸುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ. ಆಮೇಲೆ ನನಗೂ ತಿಳಿಸಿ.