ಮುನ್ನುಗ್ಗುವವನ ಹಿರಿಮೆ

ಕೆಲವು ದಿನಗಳ ಹಿಂದೆ ಸಂಜೆಯ ತಿರುಗಾಟಕ್ಕೆಂದು ಹೊರಟವನು ಲಕ್ಷ್ಮೇಶ್ವರದ ಮೈದಾನವೊಂದರ ಅಂಚಿನಲ್ಲಿ ಕ್ಷಣಹೊತ್ತು ನಿಂತೆ. ಬಾಸ್ಕೆಟ್‌ಬಾಲ್ ಆಡಿ ದಣಿದ ನಾಲ್ಕೈದು ಜನ ತರುಣರು ಕಟ್ಟೆಯ ಮೇಲೆ ಕುಳಿತು ಬಿರುಸಿನಿಂದ ವಾದಿಸುತ್ತಿದ್ದರು. ಎದುರಾಳಿಯ ಮೇಲೆ ಏರಿ ಹೋಗುವ ಆಟದಲ್ಲಿ ನಿಜವಾಗಿ ದೊಡ್ಡವನಾರು ಎಂಬುದು ಅವರ ವಾದದ ವಿಷಯ. ಒಬ್ಬನು ಅಂಕಗಳ ಮೊತ್ತವನ್ನು ಮುಂದೊಡ್ಡಿದನು. ಇನ್ನೊಬ್ಬನು, ಎಸೆದ ಚೆಂಡುಗಳಲ್ಲಿ ಬುಟ್ಟಿಗೆ ಬಿದ್ದವೆಷ್ಟು ಎಂಬುದನ್ನು ನೋಡಬೇಕೆಂದನು. ಮೂರನೆಯವನು, ಸಂಗಡಿಗರಿಗೆ ಚೆಂಡನ್ನು ಒದಗಿಸಿಕೊಡುವವನೇ ಹೆಚ್ಚಿನವನೆಂದು ಹಟ ಹಿಡಿದನು. ನನ್ನನ್ನು ಕಂಡು ಅವರಲ್ಲೊಬ್ಬನು, “ಸರ್, ನೀವರ ಹೇಳ್ರಿ, ಖರೇ ದೊಡ್ಡವ್ರು ಯಾರು?” ಎಂದು ಕೇಳಿದನು.

ನಾನು ಕನ್ನಡದ ಮೇಷ್ಟ್ರು. ಬಾಸ್ಕೆಟ್‌ಬಾಲಿನಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ. ಅಂದು ನಕ್ಕು ಮುಂದೆ ಸಾಗಿದೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ಐವತ್ತು ವರ್ಷಗಳಿಗೂ ಹಿಂದೆ ಇದೇ ಊರಿನಲ್ಲಿ ಇನ್ನೊಂದು ಆಟದ ಸಂದರ್ಭದಲ್ಲಿ ನಾನು ಕೇಳಿದ್ದೆ. ಅಂದು ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಈಗ ನನಗೆ ಅನಿಸುತ್ತದೆ.

ಆ ಆಟ ಹುತೂತು. ಇಂದು ದೇಶಕ್ಕೆಲ್ಲ ಕಬಡ್ಡಿಯೆಂದು ಪರಿಚಿತವಾದ ಆಟವನ್ನು ನಮ್ಮ ಹಿರಿಯರು ಕರೆಯುತ್ತಿದ್ದುದು ಹಾಗೆಯೇ. ಲಕ್ಷ್ಮೇಶ್ವರವು ಸ್ವಾತಂತ್ರ್ಯದವರೆಗೆ ಮಿರಜ ಸಂಸ್ಥಾನಕ್ಕೆ ಸೇರಿದ್ದ ಊರು. ಮರಾಠಿ ಸೀಮೆಯೊಡನೆ ನಮಗೆ ಬಳಕೆ ಹೆಚ್ಚು. ನಾನಾಗ ಹತ್ತು ಹನ್ನೆರಡರ ಹುಡುಗ. ಬೇಸಿಗೆಯ ಸೂಟಿಯ ಒಂದು ರಾತ್ರಿ, ಗ್ಯಾಸಬತ್ತಿಯ ಬೆಳಕಿನಲ್ಲಿ, ನಮ್ಮೂರಿಗೂ ಶಿರಹಟ್ಟಿಗೂ ಪಂದ್ಯ ನಡೆದಿತ್ತು. ನಮ್ಮ ಪಕ್ಷದಲ್ಲಿ ಇಬ್ಬರು ಹೆಸರಾದ ದಾಳಿಗಾರರಿದ್ದರು. ಒಬ್ಬನು ಎತ್ತರದ ಆಳು, ಗರಡಿಯಲ್ಲಿ ಪಳಗಿದ ಮೈ. ಅವನು ನಡುಗೆರೆ ದಾಟಿದನೆಂದರೆ ಜನ ಎದ್ದು ನಿಲ್ಲುತ್ತಿದ್ದರು. ಇನ್ನೊಬ್ಬನು ಸಣಕಲು ಮೈಯವನು, ಮಾತು ಕಡಿಮೆ. ಅವನು ಹೋದದ್ದೂ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷವಿದೆಯೆನ್ನುವಾಗ ಎತ್ತರದವನು ಒಬ್ಬನನ್ನು ಮುಟ್ಟಿಯೂ ತೃಪ್ತನಾಗದೆ, ಇನ್ನೂ ಇಬ್ಬರ ಆಸೆಗೆ ಒಳಗೆ ಸರಿದು ಸಿಕ್ಕಿಬಿದ್ದನು. ಅವನೊಡನೆ ನಮ್ಮವರು ನಾಲ್ವರು ಹೊರಗೆ ಕುಳಿತಂತಾಯಿತು. ಒಳಗುಳಿದವರು ಮೂವರೇ. ಎದುರಿಗೆ, ಒಂದೆರಡು ಸರದಿಗಳಲ್ಲಿ, ಏಳೂ ಜನ ಮತ್ತೆ ತುಂಬಿಕೊಂಡರು. ಆಗ ಸಣಕಲನು ಹೋದನು; ಅಂಚಿನಲ್ಲಿದ್ದ ಒಬ್ಬನನ್ನು ಮುಟ್ಟಿ ಮರಳಿದನು. ನಮ್ಮವನೊಬ್ಬನು ಒಳಗೆ ಬಂದನು. ಮುಂದಿನ ಸರದಿಯಲ್ಲಿ ಮತ್ತೊಬ್ಬನನ್ನು ಮುಟ್ಟಿದನು. ನಮ್ಮಲ್ಲಿ ಕಾಲು ಹಿಡಿಯುವುದರಲ್ಲಿ ಗಟ್ಟಿಗನಾದವನು ಒಳಗೆ ಬಂದನು. ಆ ಗಟ್ಟಿಗನು ಶಿರಹಟ್ಟಿಯ ದಾಳಿಗಾರನನ್ನು ಕೆಡವಿದನು, ಇನ್ನೊಬ್ಬನು ಬಂದನು. ಸಣಕಲನು ಮೂರನೆಯ ಸಲ ಹೋಗಿ ಮತ್ತೊಬ್ಬನನ್ನು ಮುಟ್ಟಿದನು. ಈಗ ಎತ್ತರದವನಿಗೆ ಜೀವ ಬಂತು. ಅವನು ಸಿಂಹದಂತೆ ನುಗ್ಗಿ ಎದುರಿಗುಳಿದಿದ್ದ ಮೂವರನ್ನೂ ಒಂದೇ ಉಸಿರಿಗೆ ಮುಟ್ಟಿ ಲೋಣ ಹೊಡೆದನು. ಪಂದ್ಯ ನಮ್ಮದಾಯಿತು. ಊರಿಗೆ ಊರೇ ಎತ್ತರದವನನ್ನು ಹೆಗಲ ಮೇಲೆ ಹೊತ್ತು ಸೋಮೇಶ್ವರನ ಗುಡಿಯವರೆಗೆ ಮೆರೆಸಿತು. ಕಾಲು ಹಿಡಿದು ಓಡಿದವರಲ್ಲಿ ನಾನೂ ಒಬ್ಬ.

ಮನೆಗೆ ಬಂದಾಗ ನಮ್ಮ ತಂದೆಯವರು, “ಯಾವಾಂವ ಗೆಲ್ಲಿಸಿದಾಂವ?” ಎಂದು ಕೇಳಿದರು. ನಾನು ಎತ್ತರದವನ ಹೆಸರು ಹೇಳಿದೆ. ಅವರು, “ಅವನ್ನ ಎಬ್ಬಿಸಿದಾಂವ ಯಾವಾಂವ?” ಎಂದಷ್ಟೇ ಕೇಳಿ ಸುಮ್ಮನಾದರು. ಆ ಹತ್ತು ನಿಮಿಷಗಳ ಲೆಕ್ಕದಲ್ಲಿ ಸಣಕಲನು ಮುಟ್ಟಿದ್ದು ಮೂವರನ್ನು, ಲೋಣ ಹೊಡೆದ ಎತ್ತರದವನು ಮುಟ್ಟಿದ್ದೂ ಮೂವರನ್ನು. ಆದರೆ ಮೊದಲಿನ ಮೂರು ಇಲ್ಲದೆ ಕೊನೆಯ ಮೂರು ಇಲ್ಲ. ಅದು ನನಗೆ ಅಂದು ಹೊಳೆಯಲಿಲ್ಲ.

ಆಟದ ಇತಿಹಾಸವನ್ನು ನೋಡಿದರೆ ನಮ್ಮ ಹಿರಿಯರಿಗೂ ಈ ಪ್ರಶ್ನೆ ತಿಳಿದಿತ್ತೆಂಬುದು ಗೊತ್ತಾಗುತ್ತದೆ. 1918ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಈ ಆಟದ ನಿಯಮಗಳಿಗೆ ಒಂದು ರೂಪ ಬರತೊಡಗಿತು. 1923ರಲ್ಲಿ ಬಡೋದೆಯಲ್ಲಿ ಆ ನಿಯಮಗಳಂತೆ ಪಂದ್ಯಗಳು ನಡೆದವು. 1936ರ ಬರ್ಲಿನ್ ಒಲಿಂಪಿಕ್ ಕೂಟದ ಕಾಲಕ್ಕೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಇದನ್ನು ಅಲ್ಲಿ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಆಟಕ್ಕೆ ಸ್ಥಾನ ದೊರೆತು ಭಾರತ ಚಿನ್ನ ಗೆದ್ದಿತು. ಇದೆಲ್ಲ ಹೊರಗಿನ ಕಥೆ. ಒಳಗಿನ ಕಥೆಯಿರುವುದು ಆಟದ ಮೂರು ಬಗೆಗಳಲ್ಲಿ. ಅಮರದಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ. ಎದುರಾಳಿಗೆ ಅಂಕ ಮಾತ್ರ ಸೇರುತ್ತದೆ. ಗಾಮಿನಿಯಲ್ಲಿ ಹೊರಗೆ ಹೋದವನು, ಪಕ್ಷವೆಲ್ಲ ಮುಗಿಯುವವರೆಗೆ, ಹೋದವನೇ. ಸಂಜೀವಿನಿಯಲ್ಲಿ ನಾವು ಎದುರಿನ ಒಬ್ಬನನ್ನು ಔಟು ಮಾಡಿದರೆ ನಮ್ಮ ಒಬ್ಬನಿಗೆ ಮರಳಿ ಜೀವ. ಈಗ ಎಲ್ಲೆಡೆ ನಡೆಯುವ ಆಟ ಈ ಮೂರನೆಯ ಬಗೆಯದು.

ಈ ಹೆಸರುಗಳನ್ನು ಇಟ್ಟವರ ಜಾಣ್ಮೆಗೆ ತಲೆದೂಗಬೇಕು. ಅಮರದಲ್ಲಿ ದಾಳಿಗಾರನ ಬೆಲೆ ಅವನ ಅಂಕಗಳ ಮೊತ್ತ. ಗಾಮಿನಿಯಲ್ಲಿ ಅವನು ಎದುರಾಳಿಗೆ ಮಾಡಿದ ನಷ್ಟವೇ ಅವನ ಬೆಲೆ. ಸಂಜೀವಿನಿಯಲ್ಲಿಯಾದರೋ, ಎಷ್ಟು ಜನರನ್ನು ಹೊರಗೆ ಹಾಕಿದನೆಂಬುದರ ಜೊತೆಗೆ ಎಷ್ಟು ಜನರನ್ನು ಒಳಗೆ ತಂದನೆಂಬುದೂ ಸೇರಿಕೊಳ್ಳುತ್ತದೆ. ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎದುರಿಗೆ ಆರು ಅಥವಾ ಏಳು ಜನರಿರುವಾಗ ದಾಳಿಗಾರನು ಬೋನಸ್ ಗೆರೆಯನ್ನು ದಾಟಿ ಬಂದರೆ ಅವನಿಗೊಂದು ಅಂಕ ಸಿಗುತ್ತದೆ; ಆದರೆ ಆ ಅಂಕದಿಂದ ಯಾವ ಸಂಗಡಿಗನೂ ಬದುಕುವುದಿಲ್ಲ. ಅಂಕದ ಹಾಳೆಯಲ್ಲಿ ಎರಡೂ ಒಂದೊಂದೇ. ಅಂಕಣದಲ್ಲಿ ಮಾತ್ರ ಅವುಗಳ ಫಲ ಬೇರೆ ಬೇರೆ.

ಬಾಸ್ಕೆಟ್‌ಬಾಲಿನ ಕಡೆ ಹೊರಳೋಣ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿ ಈ ಆಟವನ್ನು ಹುಟ್ಟಿಸಿದರು. ಅವರು ಬರೆದ ಹದಿಮೂರು ನಿಯಮಗಳಲ್ಲಿ ಒಂದರಂತೆ ಚೆಂಡು ಹಿಡಿದವನು ಓಡಕೂಡದು. ನಿಂತಲ್ಲಿಂದಲೇ ಇನ್ನೊಬ್ಬನಿಗೆ ಎಸೆಯಬೇಕು. ಎಂದರೆ, ಕೊಡುವುದು ಈ ಆಟದ ಹುಟ್ಟುಗುಣ. ಪುಟಿಸುತ್ತ ಓಡುವುದು ಆಮೇಲೆ ಬಂದದ್ದು.

ಈ ಆಟದಲ್ಲಿ ವಿಲ್ಟ್ ಚೇಂಬರ್ಲೇನ್ ಎಂಬ ಮಹಾಕಾಯನಿದ್ದನು. 1962ರ ಮಾರ್ಚ್ 2ರಂದು ಆತನೊಬ್ಬನೇ ಒಂದು ಪಂದ್ಯದಲ್ಲಿ 100 ಅಂಕ ಗಳಿಸಿದನು. ಅಮೆರಿಕದ ಆ ವೃತ್ತಿಪರ ಲೀಗಿನಲ್ಲಿ ಅದನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ. ಆದರೆ ಆ ವರ್ಷ ಪ್ರಶಸ್ತಿ ಬೋಸ್ಟನ್ ತಂಡದ ಪಾಲಾಯಿತು. ಅತ್ಯಂತ ಬೆಲೆಯುಳ್ಳ ಆಟಗಾರನನ್ನು ಆಗ ಆಟಗಾರರೇ ಮತ ಹಾಕಿ ಆರಿಸುತ್ತಿದ್ದರು. ಅವರು ಆರಿಸಿದ್ದು ಬೋಸ್ಟನ್ನಿನ ಬಿಲ್ ರಸೆಲ್‌ನನ್ನು, ನೂರು ಹೊಡೆದವನನ್ನಲ್ಲ. ಐದು ವರ್ಷಗಳ ಮೇಲೆ, 1966-67ರಲ್ಲಿ, ಅದೇ ಚೇಂಬರ್ಲೇನನು ತನ್ನ ಅಂಕಗಳನ್ನು ಪಂದ್ಯಕ್ಕೆ 24.1ಕ್ಕೆ ಇಳಿಸಿಕೊಂಡು, ತನ್ನನ್ನು ಸುತ್ತುವರಿದವರ ನಡುವಿನಿಂದ ಸಂಗಡಿಗರಿಗೆ ಚೆಂಡು ಕೊಡತೊಡಗಿದನು. ಆ ವರ್ಷ ಅವನ ಫಿಲಡೆಲ್ಫಿಯಾ ತಂಡ ಪ್ರಶಸ್ತಿ ಗೆದ್ದಿತು. ಇನ್ನು ಆ ನೂರು ಅಂಕಗಳ ರಾತ್ರಿಯಲ್ಲೂ ಒಬ್ಬ ಸಣಕಲನಿದ್ದನು: ಗೈ ರಾಜರ್ಸ್ ಎಂಬ ಸಂಗಡಿಗನು ಅಂದು 20 ಸಲ ಬುಟ್ಟಿಗೆ ಬೀಳುವ ಚೆಂಡನ್ನು ಒದಗಿಸಿಕೊಟ್ಟಿದ್ದನು. ನೂರನ್ನು ಬಲ್ಲವರು ಬಹಳ, ಆ ಇಪ್ಪತ್ತನ್ನು ಬಲ್ಲವರು ವಿರಳ.

ಹಾಗೆಂದು ಅಂಕ ಗಳಿಸುವವನನ್ನು ಹೀಗಳೆಯುವುದು ನ್ಯಾಯವಲ್ಲ. ಎದುರಾಳಿ ಯಾರಿಗೂ ಹೆದರದಿದ್ದರೆ ಸಂಗಡಿಗನಿಗೆ ದಾರಿ ತೆರೆಯುವುದಾದರೂ ಹೇಗೆ? ಚೇಂಬರ್ಲೇನನನ್ನು ಮೂವರು ಮುತ್ತುತ್ತಿದ್ದರೆಂದೇ ಉಳಿದವರಿಗೆ ಬಯಲು ಸಿಕ್ಕಿತು. ಒಬ್ಬನೇ ಪಂದ್ಯವನ್ನು ಹೊತ್ತು ದಾಟಿಸುವ ಗಳಿಗೆಯೂ ಉಂಟು. 2019ರ ಜನವರಿ 5ರಂದು ಪ್ರೊ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ಗುಜರಾತ ತಂಡವನ್ನು 38-33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬನದೇ 22 ಅಂಕ. ಅಂದು ಅವನಿಲ್ಲದಿದ್ದರೆ ಗೆಲುವಿಲ್ಲ.

ಆದರೆ ಅದೇ ವರ್ಷದ ಅಕ್ಟೋಬರ ತಿಂಗಳ ಕಥೆಯನ್ನೂ ಕೇಳಬೇಕು. ತಿಂಗಳ 2ರಂದು ಪವನನು ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ಗಳಿಸಿ ದಾಖಲೆ ನಿರ್ಮಿಸಿದನು. ಆದರೂ ಬೆಂಗಳೂರು ಉಪಾಂತ್ಯದಲ್ಲಿ ಸೋತಿತು. 19ರಂದು ಗೆದ್ದದ್ದು ಬಂಗಾಳದ ತಂಡ. ಅದರ ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಗಾಯಗೊಂಡು ಅಂದು ಅಂಕಣಕ್ಕೆ ಇಳಿದಿರಲೇ ಇಲ್ಲ. ಆ ತಂಡವನ್ನು ಪಳಗಿಸಿದವರು ನಮ್ಮ ಕರ್ನಾಟಕದವರೇ ಆದ, 2001ರ ಅರ್ಜುನ ಪ್ರಶಸ್ತಿ ಪಡೆದ ಬಿ. ಸಿ. ರಮೇಶ್ ಅವರು. 2024ರ ಮಾರ್ಚ್ 1ರಂದು ಪುಣೆಯ ತಂಡ ಹರಿಯಾಣವನ್ನು 28-25ರಿಂದ ಸೋಲಿಸಿ ಪ್ರಶಸ್ತಿ ಪಡೆದಾಗಲೂ ತರಬೇತುದಾರರು ಅವರೇ. ಆ ಋತುವಿನ ದಾಳಿಗಾರರ ಪಟ್ಟಿಯ ತುದಿಯಲ್ಲಿ ಪುಣೆಯವರ ಹೆಸರಿರಲಿಲ್ಲ. ದಾಳಿಯ ಭಾರವನ್ನು ಹಲವರು ಹಂಚಿಕೊಂಡಿದ್ದರು.

ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಬದಿಗೆ ನಿಂತ ವೀರಗಲ್ಲುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನವು, ಎಂದರೆ ದನಗಳ ದಾಳಿಯ ನೆನಪಿನವು. ಅಂಥ ಕಲ್ಲು ಕೊಂಡಾಡುವುದು ಸಾಮಾನ್ಯವಾಗಿ ದನ ಹೊಡೆದುಕೊಂಡು ಹೋದವನನ್ನಲ್ಲ, ಬೆನ್ನಟ್ಟಿ ಹೋಗಿ ತುರುವನ್ನು ಮರಳಿಸಿ ಮಡಿದವನನ್ನು. ಇತ್ತ ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನು ಹಾಡಿದ ಅಭಿಮನ್ಯುವನ್ನು ನೆನೆಯಿರಿ. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಆ ಬಾಲಕನಿಗಿತ್ತು, ಹೊರಬರುವ ವಿದ್ಯೆಯಿರಲಿಲ್ಲ. ಹಿಂದೆ ಬರಬೇಕಾದ ಭೀಮಾದಿಗಳನ್ನು ಸೈಂಧವನು ಬಾಗಿಲಲ್ಲೇ ತಡೆದನು. ಅವನ ಪರಾಕ್ರಮದಲ್ಲಿ ಕುಂದಿಲ್ಲ. ಕಡಿದುಹೋದದ್ದು ಸಂಗಡಿಗರ ಕೊಂಡಿ. ಇನ್ನು ನಮ್ಮ ಪುಲಿಗೆರೆಯ ತಿರುಳ್ಗನ್ನಡವನ್ನು ಹೆಮ್ಮೆಯಿಂದ ನೆನೆದ ಪಂಪನು ಗೆದ್ದ ಅರ್ಜುನನನ್ನೇ ಕಥಾನಾಯಕನನ್ನಾಗಿ ಮಾಡಿಯೂ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂಬರ್ಥದ ಮಾತನ್ನಾಡಿದನು. ಗೆಲವಿನ ಲೆಕ್ಕವೊಂದು, ಹಿರಿಮೆಯ ಲೆಕ್ಕ ಇನ್ನೊಂದು ಎಂಬುದನ್ನು 10ನೆಯ ಶತಮಾನದ ಕವಿಯೂ ಬಲ್ಲವನಾಗಿದ್ದನು.

ನಾನು ನೌಕರಿಯಿಂದ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಒಂದು ಶುಕ್ರವಾರ ಸಂತೆಯಲ್ಲಿ ಆ ಸಣಕಲ ಮೈಯವರು ಕಂಡರು. ಈಗ ಬಹಳ ವಯಸ್ಸಾದವರು. ಗುರುತು ಹೇಳಿಕೊಂಡು, ಆ ರಾತ್ರಿಯ ಮಾತು ತೆಗೆದು, “ಕಾಕಾ, ಅವತ್ತು ನಾವೆಲ್ಲಾ ನಿಮ್ಮನ್ನ ಮರತೇಬಿಟ್ವಿ” ಎಂದೆ. ಅವರು ನಕ್ಕರು. “ಏನ ಮರಿಯೂದೋ ತಮ್ಮಾ. ಹೊರಗ ಕುಂತಾವರಾಗ ಎರಡನೇದಾಂವ ಕಾಲ ಹಿಡಿಯಾಂವ ಇದ್ದ. ಅಂವ ಒಳಗ ಬರಬೇಕಂದ್ರ ಇಬ್ಬರು ಬೇಕಾಗಿತ್ತು. ಅದಕ್ಕ ಇಬ್ಬರನ್ನ ತಂದೆ” ಎಂದರು. ಔಟಾದ ಕ್ರಮದಲ್ಲಿಯೇ ಒಬ್ಬೊಬ್ಬರಿಗೆ ಜೀವ ಬರುವುದು ಆಟದ ನಿಯಮ. ನಾವೆಲ್ಲ ಎದುರಾಳಿಯ ಏಳು ಜನರನ್ನು ನೋಡುತ್ತಿದ್ದಾಗ ಆ ಮನುಷ್ಯನು ಹೊರಗೆ ಸಾಲಾಗಿ ಕುಳಿತ ನಮ್ಮವರನ್ನು ನೋಡುತ್ತಿದ್ದನು!

ನಾಲ್ಕು ದಶಕಗಳ ಕಾಲ ಅಂಕ ಕೊಡುವುದೇ ವೃತ್ತಿಯಾಗಿದ್ದ ನನಗೆ ಆ ಮಾತು ಸ್ವಲ್ಪ ಚುಚ್ಚಿತು. ತರಗತಿಯಲ್ಲಿ ತಾನು ಬರೆದುಕೊಂಡದ್ದನ್ನು ಹಿಂದಿನ ಬೆಂಚಿನವರಿಗೆ ತಿಳಿಸಿ ಹೇಳಿ ಅವರನ್ನು ದಡ ಸೇರಿಸಿದ ಹುಡುಗರೂ ಹುಡುಗಿಯರೂ ನನ್ನ ಕಣ್ಣೆದುರಿಗೇ ಇದ್ದರು. ಅದಕ್ಕಾಗಿ ಅಂಕಪಟ್ಟಿಯಲ್ಲಿ ಒಂದು ಕಲಮೂ ಇರಲಿಲ್ಲ. ಇಲ್ಲವಲ್ಲ ಎಂದು ನನಗೆ ಅನಿಸಲೂ ಇಲ್ಲ.

ಮೈದಾನದ ತರುಣರಿಗೆ ನಾನು ಕೊಡಬೇಕಾದ ಉತ್ತರ ಇಷ್ಟೆ. ಮುನ್ನುಗ್ಗುವವನು ಎಷ್ಟು ಗಳಿಸಿದನೆಂದು ಖಂಡಿತ ಎಣಿಸಿರಿ. ಗಳಿಸದವನು ದಾಳಿಗಾರನೇ ಅಲ್ಲ. ಆದರೆ ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಬೇಡಿರಿ. ಅವನು ಮರಳಿ ಬಂದಾಗ ಸಂಗಡಿಗರು ಮೊದಲಿಗಿಂತ ಹೆಚ್ಚಾಗಿದ್ದರೇ, ಕಡಿಮೆಯಾಗಿದ್ದರೇ ಎಂಬುದನ್ನೂ ನೋಡಿರಿ. ಮುಂದಿನ ಸಲ ನಿಮ್ಮೂರಿನ ಪಂದ್ಯವೊಂದು ಮುಗಿದು ಜನ ಯಾರನ್ನೋ ಹೆಗಲ ಮೇಲೆ ಎತ್ತಿಕೊಂಡಾಗ, ನೀವೂ ಜಯಕಾರ ಹಾಕಿರಿ. ಹಾಕಿದ ಮೇಲೆ ಒಂದು ಕ್ಷಣ ಹೊರಳಿ, ಅಂಕಣದ ಬದಿಗೆ ಕುಳಿತು ಕಾಲಿನ ಮಣ್ಣು ಒರಸಿಕೊಳ್ಳುತ್ತಿರುವವನ ಬಳಿಗೂ ಹೋಗಿ ಬನ್ನಿರಿ. ನಾನು ಅಂದು ಹೋಗಲಿಲ್ಲ.